ಅಕ್ಕನ ತೋಳಿನ ದ್ವೀಪಗಳು

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಲೇಬಲ್ ಅಂತಲೇ ಕರೆಯುತ್ತಿದ್ದರು. ಸೋಪಿನ ಹೊದಿಕೆ, ಕೆಮ್ಮಿನ ಸಿರಪ್ಪಿನ ಬಾಟಲಿಗೆ ಅಂಟಿಸುವ ಚೀಟಿ, ಬಿಸ್ಕತ್ತಿನ ಡಬ್ಬಿಯ ಮೇಲೆ ನಗುವ ಹಸು, ಎಲ್ಲವೂ ಅವಳ ಕೈಯಿಂದಲೇ ಇಳಿಯಬೇಕಿತ್ತು. ಕಂಪ್ಯೂಟರ್ ಬಂದ ಮೇಲೂ ಯಜಮಾನರು ಅವಳನ್ನು ಬಿಟ್ಟಿರಲಿಲ್ಲ. ಹಸುವನ್ನು ನಗಿಸಲು ಮಷೀನಿಗೆ ಬರುವುದಿಲ್ಲ ಎನ್ನುವುದು ಅವರ ವಾದ. ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ನಲವತ್ತು ದಾಟಿ, ಕಿವಿಯ ಪಕ್ಕದಲ್ಲಿ ನರೆ ಇಣುಕಿದ ಮೇಲೂ ಅಕ್ಕನ ಬಾಯಲ್ಲಿ ಪುಟ್ಟಿ ಪುಟ್ಟಿಯಾಗಿಯೇ ಉಳಿದಿದ್ದಳು.

ಅಕ್ಕತಂಗಿಯರು ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಟ್ಯೂಬಿಗೆ ಗಾಳಿ ತುಂಬುವ ಸದ್ದು, ಮೇಲೆ ಇವರ ಪಾತ್ರೆಯ ಸದ್ದು. ಸಂಜೆ ಅಡುಗೆಯ ಮೇಜನ್ನು ಒರೆಸಿ ಒಣಗಿಸಿದ ಮೇಲೆ ಪುಟ್ಟಿ ಪ್ರೆಸ್ಸಿನಿಂದ ತಂದ ಕಾಗದದ ತುಂಡುಗಳನ್ನು ಹರಡಿಕೊಂಡು ಕೂರುತ್ತಿದ್ದಳು. ಬರೆಯುತ್ತಿದ್ದುದು ನಕ್ಷೆಗಳನ್ನು. ಇರುವ ಊರಿನದಲ್ಲ, ಇಲ್ಲದ ನಾಡುಗಳ ನಕ್ಷೆ.

ಒಂದು ದ್ವೀಪ ಮಲಗಿದ ಮೊಲದಂತಿತ್ತು. ಎರಡು ಕಿವಿಗಳು ಸಮುದ್ರದೊಳಗೆ ಚಾಚಿದ್ದವು, ಅವುಗಳ ನಡುವಿನ ಸಂದಿಯಲ್ಲಿ ಗಾಳಿಗೆ ಹೆದರಿದ ಹಡಗುಗಳು ಬಂದು ನಿಲ್ಲುತ್ತಿದ್ದವು. ಬೆನ್ನಿನ ಮೇಲೆ ಹುಲ್ಲುಗಾವಲು, ಬಾಲದ ತುದಿಯಲ್ಲಿ ಹತ್ತಿಯ ಮಂಡಿ. ಇನ್ನೊಂದು ಕೊಕ್ಕರೆಯ ನಾಡು. ಅದರ ಕುತ್ತಿಗೆ ಎಷ್ಟು ಉದ್ದವೆಂದರೆ ರೈಲು ಹೊಟ್ಟೆಯಿಂದ ಹೊರಟು ಕೊಕ್ಕಿನ ಬಂದರನ್ನು ಮುಟ್ಟುವಷ್ಟರಲ್ಲಿ ಪ್ರಯಾಣಿಕರು ತಂದ ಬುತ್ತಿಯೆಲ್ಲ ಖಾಲಿ. ಆಮೆಯ ದೇಶವೊಂದಿತ್ತು, ಅದು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮುಂದಕ್ಕೆ ತೆವಳುವುದರಿಂದ ಅಲ್ಲಿಯ ಅಂಚೆಯವನು ವಿಳಾಸ ಹುಡುಕಿ ಹುಡುಕಿ ಸುಸ್ತಾಗಿ ಕೆಲಸ ಬಿಟ್ಟಿದ್ದ. ಮೀನಿನ ಸರೋವರ, ಎಲೆಯ ನರಗಳೇ ನದಿಗಳಾದ ಕಾಡು, ಕಚಗುಳಿ ಕಣಿವೆ ಅನ್ನುವ ಒಂದು ಜಾಗ. ಅಲ್ಲಿ ಕಾಲಿಟ್ಟವರು ನಗದೆ ಹಿಂದಿರುಗುವಂತಿರಲಿಲ್ಲ.

ಈ ಕಚಗುಳಿ ಕಣಿವೆ ನಿಜವಾಗಿ ಇದ್ದದ್ದು ಅಕ್ಕನ ಎಡಗೈಯ ಮಡಿಕೆಯಲ್ಲಿ.

ಅಕ್ಕನಿಗೆ ತೊನ್ನು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಣಿಕಟ್ಟಿನ ಮೇಲೆ ಕಡಲೆ ಗಾತ್ರದ ಬಿಳಿ ಚುಕ್ಕೆಯಾಗಿ ಶುರುವಾದದ್ದು ನೋಡನೋಡುತ್ತಿದ್ದಂತೆ ಎರಡೂ ತೋಳಿಗೆ ಹಬ್ಬಿ, ಬೆನ್ನು ಹತ್ತಿ, ಕುತ್ತಿಗೆಯ ಬುಡಕ್ಕೆ ಬಂದು ನಿಂತಿತ್ತು. ಮುಖಕ್ಕೆ ಬರಲಿಲ್ಲ. ಇದು ಅಂಟುವಂಥದ್ದಲ್ಲ, ನೋವೂ ಇಲ್ಲ, ಚರ್ಮದ ಬಣ್ಣ ಹೋಗುತ್ತದೆ ಅಷ್ಟೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಮ್ಮ ಹೂಂ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದವಳೇ ಅಕ್ಕನ ಗಿಡ್ಡ ತೋಳಿನ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟಳು. ಅಂದಿನಿಂದ ಅಕ್ಕನಿಗೆ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ, ಗಂಟಲವರೆಗೆ ಕಾಲರು. ಆಟಕ್ಕೆ ಹೋಗುವುದು ನಿಂತಿತು. ನಗುವುದೂ ಹೆಚ್ಚುಕಡಿಮೆ ನಿಂತಿತು.

ಒಂದು ಮಧ್ಯಾಹ್ನ ಅಮ್ಮ ಹೊರಗೆ ಹೋಗಿದ್ದಾಗ, ಹಿತ್ತಲಿನ ಮೆಟ್ಟಿಲ ಮೇಲೆ ಅಕ್ಕ ಅಂಗಿಯ ತೋಳು ಮೇಲಕ್ಕೆ ಮಡಚಿ ಕೈಯನ್ನು ಬಿಸಿಲಿಗೆ ಚಾಚಿಕೊಂಡು ಕೂತಿದ್ದಳು. ಪುಟ್ಟಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದ ಹುಡುಗಿ, ಕೈಯಲ್ಲಿ ನೀಲಿ ಪೆನ್ನು. "ಅಕ್ಕಾ, ಇದು ಮೊಲ" ಎಂದು ಮಚ್ಚೆಯೊಂದರ ಅಂಚಿನ ಸುತ್ತ ಗೆರೆ ಎಳೆದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಕಿವಿ ಎಲ್ಲಿ?" ಎಂದು ಕೇಳಿದಳು. ಪುಟ್ಟಿ ಕಿವಿ ತೋರಿಸಿದಳು. ಆಮೇಲೆ ಕಣ್ಣಿಟ್ಟಳು, ಮೀಸೆ ಬರೆದಳು, ಒಂದು ಮನೆ ಕಟ್ಟಿ ಅದಕ್ಕೊಂದು ದಾರಿ ಮಾಡಿದಳು. ಮೊಣಕೈಯ ಮಡಿಕೆಗೆ ಪೆನ್ನು ತಾಗಿದಾಗ ಅಕ್ಕ ತಡೆಯಲಾರದೆ ನಕ್ಕಳು. ಎಷ್ಟು ನಕ್ಕಳೆಂದರೆ ಗೋಡೆಯಾಚೆಯ ಮನೆಯವರು ಏನಾಯಿತು ಎಂದು ಇಣುಕಿದರು, ಅಕ್ಕ ತಟ್ಟನೆ ತೋಳು ಇಳಿಸಿಕೊಂಡಳು. ಅದಾದ ಮೇಲೆ ಎಷ್ಟೋ ವರ್ಷ ಅದು ಇಬ್ಬರ ಗುಟ್ಟಿನ ಆಟವಾಯಿತು. ಯಾರಿಗೂ ಹೇಳಬೇಡ ಎಂದು ಅಕ್ಕ ಒಮ್ಮೆಯೂ ಹೇಳಲಿಲ್ಲ. ಅದು ಹೇಳಬೇಕಾದ ಮಾತೇ ಆಗಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಕ್ಕ ಬೇಕರಿಯೊಂದರ ಕೌಂಟರಿಗೆ ಸೇರಿದಳು. ಉದ್ದ ತೋಳು, ಎತ್ತಿದ ಕಾಲರು, ಒಪ್ಪವಾಗಿ ಬಾಚಿದ ತಲೆ. ಬೆಳಗಿನ ಬ್ರೆಡ್ಡಿಗೆ ಬಂದವರ ಹೆಸರು, ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಮಗುವಿಗೆ ಯಾವ ಬಿಸ್ಕತ್ತು, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಗಿರಾಕಿಗಳು ಅವಳಿಲ್ಲದ ದಿನ ಮುಖ ಸಿಂಡರಿಸುತ್ತಿದ್ದರು. ಮಚ್ಚೆಯ ವಿಷಯ ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೀಗಿರುವಾಗ ಬಡಾವಣೆಯ ಮಕ್ಕಳ ಲೈಬ್ರರಿಯಿಂದ ಪುಟ್ಟಿಗೆ ಕರೆ ಬಂತು. ಅಲ್ಲಿಯ ಲೈಬ್ರರಿಯಮ್ಮ ಚೀಟಿಗಳನ್ನು ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದವರು ಪುಟ್ಟಿಯ ಮೇಜಿನ ಗಾಜಿನಡಿ ಇದ್ದ ಕೊಕ್ಕರೆಯ ನಾಡನ್ನು ನೋಡಿ ಅಲ್ಲೇ ನಿಂತುಬಿಟ್ಟಿದ್ದರು. "ಇಂಥವು ಇನ್ನೂ ಇವೆಯಾ? ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನೆ ಕೂತಿದ್ದೀರಲ್ಲ ಮಾರಾಯ್ತಿ" ಎಂದು ಬೈದಂತೆ ಹೊಗಳಿದರು. ಓದುವ ಕೋಣೆಯ ಉದ್ದ ಗೋಡೆಗೆ ನಕ್ಷೆಗಳನ್ನೆಲ್ಲ ತೂಗುಹಾಕುವುದು, ಒಂದು ಭಾನುವಾರ ಮಕ್ಕಳನ್ನೂ ದೊಡ್ಡವರನ್ನೂ ಸೇರಿಸುವುದು ಎಂದು ತೀರ್ಮಾನವಾಯಿತು.

ಪುಟ್ಟಿಗಿಂತ ಅಕ್ಕನಿಗೇ ಸಂಭ್ರಮ ಹೆಚ್ಚು. ನಕ್ಷೆಗಳನ್ನು ಬಟ್ಟೆಯಿಂದ ಒರೆಸಿದಳು, ಮೂಲೆ ಮಡಚಿದ್ದನ್ನು ಭಾರವಿಟ್ಟು ನೇರ ಮಾಡಿದಳು. ಮೊಲದ ದ್ವೀಪವನ್ನು ಕೈಗೆತ್ತಿಕೊಂಡಾಗ ಒಂದು ಕ್ಷಣ ತನ್ನ ಎಡತೋಳನ್ನು ಬಟ್ಟೆಯ ಮೇಲಿಂದಲೇ ಸವರಿಕೊಂಡಳು. "ಕಿವಿ ಸ್ವಲ್ಪ ಉದ್ದ ಮಾಡಿದ್ದೀಯ" ಎಂದಳು. ಅಷ್ಟೇ. ಆ ಭಾನುವಾರ ಬೆಳಿಗ್ಗೆ ಬೇಕರಿಯಿಂದ ಒಂದು ಬುಟ್ಟಿ ಬನ್ನು ತಂದು ಲೈಬ್ರರಿಯ ಬಾಗಿಲಲ್ಲಿ ನಿಂತು ಬಂದ ಮಕ್ಕಳಿಗೆಲ್ಲ ಒಂದೊಂದು ಕೊಟ್ಟವಳು ಅವಳೇ. ಮದುವೆ ಮುಂಜಿ ಅಂದರೂ ಹೋಗದ ಅಕ್ಕ, ಅಂದು ಮೂರನೇ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಅಂಚೆಯವನ ಕಥೆಗೆ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಒಬ್ಬಳು ಪುಟಾಣಿ ಕೊಕ್ಕರೆಯ ರೈಲಿಗೆ ಟಿಕೆಟ್ ಬೇಕೆಂದು ಹಟ ಹಿಡಿದಳು. ಪುಟ್ಟಿ ಒಳಗೊಳಗೇ ಉಬ್ಬಿ ಹೋಗಿದ್ದಳು. ಇಷ್ಟು ಜನ ಒಟ್ಟಿಗೆ ತನ್ನ ಮುಖ ನೋಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಕನ್ನಡಕ ಹಾಕಿದ ಗೃಹಸ್ಥರೊಬ್ಬರು ಎದ್ದು ಕೇಳಿದರು.

"ಮೇಡಂ, ಈ ಆಕಾರಗಳೆಲ್ಲ ನಿಮಗೆ ಎಲ್ಲಿ ಸಿಗ್ತವೆ? ಯಾವುದಾದರೂ ಬುಕ್ ನೋಡಿಕೊಂಡು ಬರೀತೀರಾ?"

ಅವರು ಕೆಟ್ಟದ್ದಕ್ಕೆ ಕೇಳಿರಲಿಲ್ಲ. ಆದರೂ ಪುಟ್ಟಿಗೆ ಚುಚ್ಚಿದಂತಾಯಿತು. ಜೀವನವಿಡೀ ಬೇರೆಯವರು ಹೇಳಿದ ಹಸುವನ್ನು ಬೇರೆಯವರು ಹೇಳಿದಂತೆ ನಗಿಸಿದವಳು. ಇದಾದರೂ ತನ್ನದು ಅಂದುಕೊಂಡಿದ್ದಳು.

"ಯಾವ ಬುಕ್ಕೂ ಇಲ್ಲ ಸಾರ್" ಎಂದಳು. "ನಮ್ಮ ಅಕ್ಕನ ಮೈಮೇಲೆ ಬಿಳಿ ಮಚ್ಚೆಗಳಿವೆ. ತೊನ್ನು ಅಂತಾರಲ್ಲ, ಅದು. ಚಿಕ್ಕವಳಿದ್ದಾಗ ಅದರ ಸುತ್ತ ಇಂಕಲ್ಲಿ ಗೆರೆ ಎಳೀತಿದ್ದೆ. ಈ ಮೊಲ ಅವಳ ಎಡತೋಳು. ಕೊಕ್ಕರೆ ಬೆನ್ನಿಂದ ಶುರುವಾಗಿ ಕುತ್ತಿಗೆಗೆ ಹತ್ತಿದೆ. ಅಲ್ಲೇ ಕೂತಿದ್ದಾಳೆ ನೋಡಿ, ಮೂರನೇ ಸಾಲಲ್ಲಿ."

ಬೆರಳು ಮಾಡಿ ತೋರಿಸಿಯೂ ಬಿಟ್ಟಳು.

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುತ್ತಲೇ ತಿರುಗಿ ನೋಡಿದರು. ಅಕ್ಕ ನಗುತ್ತಿದ್ದಳು. ಬೇಕರಿಯಲ್ಲಿ ಬ್ರೆಡ್ ಮುಗಿದಿದೆ ಎಂದು ಹೇಳುವಾಗ ನಗುವ ನಗು ಅದು. ಅವಳ ಬಲಗೈ ಎಡಗೈಯ ತೋಳಿನ ಗುಂಡಿ ಹಾಕಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿತು. ಅವಳ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಬಗ್ಗಿ, ಮಗುವಿನ ಕೈಯಲ್ಲಿದ್ದ ಅರ್ಧ ತಿಂದ ಬನ್ನನ್ನು ಮೆಲ್ಲಗೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಮಗು ಯಾಕೆ ಎಂದು ಕೇಳಿತು. ತಾಯಿ ತುಟಿಯ ಮೇಲೆ ಬೆರಳಿಟ್ಟಳು.

ಅಕ್ಕ ಅದನ್ನು ನೋಡಲಿಲ್ಲ. ಪುಟ್ಟಿ ಎತ್ತರದಲ್ಲಿ ನಿಂತಿದ್ದಳು, ಅವಳಿಗೆ ಎಲ್ಲ ಕಾಣಿಸಿತು. ಕಿವಿಯಿಂದ ಕಿವಿಗೆ ಬಿಸಿ ಹತ್ತಿತು. ಹೇಳಿದ ಮಾತನ್ನು ನುಂಗಿಕೊಳ್ಳುವಂತಿರಲಿಲ್ಲ, ನೆಲ ಬಾಯಿ ಬಿಡುವಂತೆಯೂ ಇರಲಿಲ್ಲ. ಲೈಬ್ರರಿಯಮ್ಮ ಕಣ್ಣೊರೆಸಿಕೊಂಡು "ಎಂಥಾ ಅಕ್ಕತಂಗಿ" ಎನ್ನುತ್ತಿದ್ದರು.

ಮನೆಗೆ ನಡೆದುಕೊಂಡೇ ಬಂದರು. ದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಲೇ ಇದ್ದಳು. ಆ ಕೋಣೆಯಲ್ಲಿ ಫ್ಯಾನ್ ಇನ್ನೊಂದು ಬೇಕಿತ್ತು, ಮಕ್ಕಳು ಎಷ್ಟು ಚುರುಕು, ಆ ಟಿಕೆಟ್ ಕೇಳಿದ ಹುಡುಗಿ ಯಾರ ಮನೆಯದೋ. ನಡುವೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಪುಟ್ಟಿ ಅತ್ತು ಹಗುರಾಗುತ್ತಿದ್ದಳು. ಅದಕ್ಕೂ ದಾರಿ ಇಲ್ಲದಂತಾಯಿತು. ಮನೆಯ ಮೆಟ್ಟಿಲು ಹತ್ತುವಾಗ ಅಕ್ಕ ಮುಂದೆ, ಪುಟ್ಟಿ ಹಿಂದೆ. ಅಕ್ಕನ ಕಾಲರಿನ ಮೇಲೆ ಕೊಕ್ಕರೆಯ ಕೊಕ್ಕು ಒಂದಿಷ್ಟೇ ಹೊರಗೆ ಕಾಣುತ್ತಿತ್ತು. ಪುಟ್ಟಿ ತಲೆ ತಗ್ಗಿಸಿ ಮೆಟ್ಟಿಲು ನೋಡಿಕೊಂಡು ಹತ್ತಿದಳು.

ಮರುದಿನ ಪ್ರೆಸ್ಸಿನಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಬೈಂಡಿಂಗ್ ಮಾಡುವ ಹೆಂಗಸನ್ನು ಎಲ್ಲರೂ ಗೋಂದಮ್ಮ ಎನ್ನುತ್ತಿದ್ದರು, ಬೆರಳು ಸದಾ ಗೋಂದಿನಿಂದ ಅಂಟಂಟಾಗಿರುತ್ತಿದ್ದುದರಿಂದ. ಅವಳು ಚಹಾದ ಲೋಟ ಹಿಡಿದು ಪುಟ್ಟಿಯ ಮೇಜಿಗೆ ಬಂದು ಒರಗಿದಳು.

"ಅಲ್ಲ ಲೇಬಲ್, ನಿನಗೆ ಅಕ್ಕ ಇದ್ದಾಳೆ ಅಂತ ನಮಗೆ ಗೊತ್ತೇ ಇರಲಿಲ್ಲವಲ್ಲ. ಒಂದೇ ಸೂರಿನ ಕೆಳಗೆ ಇದ್ದೀರಂತೆ. ಒಂದು ದಿನವೂ ಹೇಳಲಿಲ್ಲ ನೀನು."

"ಹೇಳೋ ಸಂದರ್ಭ ಬರಲಿಲ್ಲ" ಎಂದಳು ಪುಟ್ಟಿ.

"ನನ್ನ ನಾದಿನಿಯ ಹಲ್ಲುನೋವಿನ ತನಕ ನಿನಗೆ ಗೊತ್ತು" ಎಂದು ನಕ್ಕು ಗೋಂದಮ್ಮ ತನ್ನ ಜಾಗಕ್ಕೆ ಹೋದಳು.

ಪುಟ್ಟಿ ಕುಂಚವನ್ನು ನೀರಿನಲ್ಲಿ ಅದ್ದಿ ಅಲ್ಲೇ ಬಿಟ್ಟಳು. ಪ್ರೆಸ್ಸಿನವರು ಭಾನುವಾರ ನಿನ್ನ ಮನೆಗೆ ಬರುತ್ತೇವೆ ಎಂದಾಗಲೆಲ್ಲ ಮನೆ ಚಿಕ್ಕದು, ಕೂರಲು ಜಾಗವಿಲ್ಲ ಎಂದು ತಪ್ಪಿಸಿಕೊಂಡಿದ್ದಳು. ಅಕ್ಕನಿಗೆ ಮುಜುಗರವಾಗಬಾರದು ಎಂದು ತನಗೇ ಸಮಾಧಾನ ಹೇಳಿಕೊಂಡಿದ್ದಳು. ಮುಜುಗರ ಯಾರದಾಗಿತ್ತು ಎಂದು ಈಗ ನೋಡಿದರೆ, ಅಕ್ಕ ಮನೆಗೆ ಯಾರೂ ಬೇಡವೆಂದು ಎಂದೂ ಹೇಳಿದ್ದೇ ಇಲ್ಲ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅಕ್ಕನನ್ನು ಅಡಗಿಸಿಟ್ಟವಳು ತಾನು. ಮೊದಲ ಸಲ ಅವಳ ಹೆಸರೆತ್ತಿದ್ದು ತನಗೆ ಚಪ್ಪಾಳೆ ಬೇಕಾದಾಗ. ಅಂದು ಬರೆದ ಹಸು ನಗಲೇ ಇಲ್ಲ. ಯಜಮಾನರು ಅದನ್ನು ವಾಪಸ್ ಕಳಿಸಿದರು.

ಆ ವಾರ ಮುಗಿಯುವುದರೊಳಗೆ ಅಕ್ಕನನ್ನು ಬೇಕರಿಯ ಕೌಂಟರಿನಿಂದ ತೆಗೆದು ಒಳಗಿನ ಕೆಲಸಕ್ಕೆ ಹಾಕಿದರು. ಪುಟ್ಟಿಗೆ ಅದನ್ನು ಹೇಳಿದವನು ಕೆಳಗಿನ ಸೈಕಲ್ ಅಂಗಡಿಯವನು. ಬ್ರೆಡ್ ತರಲು ಹೋಗಿದ್ದನಂತೆ, ಹೊಸ ಹುಡುಗಿ ನಿಂತಿದ್ದಳಂತೆ. ಅಕ್ಕ ಹಿಂದಿನ ಕೋಣೆಯಲ್ಲಿ ಕೂತು ಕೇಕಿನ ರಟ್ಟಿನ ಡಬ್ಬಿ ಮಡಚುತ್ತಿದ್ದಳಂತೆ.

ಪುಟ್ಟಿ ಹಿಂದುಮುಂದು ನೋಡದೆ ನೇರ ಬೇಕರಿಗೆ ಹೋದಳು. ಯಜಮಾನ ಒಳ್ಳೆಯ ಮಾತಿನ ಮನುಷ್ಯ. ಅವಳನ್ನು ಕೂರಿಸಿ, ನೀರು ಕೊಟ್ಟು, ಸ್ವರ ತಗ್ಗಿಸಿದ.

"ನಾನು ಅಂಥವನಲ್ಲಮ್ಮ. ಅಂಟುರೋಗ ಅಲ್ಲ ಅಂತ ನನಗೂ ಗೊತ್ತು. ಆದರೆ ಗಿರಾಕಿಗಳ ಬಾಯಿ ಮುಚ್ಚೋಕಾಗತ್ತಾ? ಇಬ್ಬರು ಬಂದು ಕೇಳಿಯೇಬಿಟ್ಟರು. ಇಷ್ಟು ವರ್ಷ ಯಾರಿಗೂ ತಿಳಿಯದ ಹಾಗೆ ಅಚ್ಚುಕಟ್ಟಾಗಿ ಇದ್ದರು ನಿಮ್ಮಕ್ಕ. ಮನೆಯವರೇ ಊರಿಗೆಲ್ಲ ಹೇಳಿದ ಮೇಲೆ ನಾನೇನು ಮಾಡಲಿ ಹೇಳಿ?"

ಪುಟ್ಟಿ ಅವನ ಜೊತೆ ಜಗಳವಾಡಲು ಬಂದವಳು. ಅವನ ತಪ್ಪು ಅವನಿಗಿತ್ತು, ಆದರೆ ಅವನು ತನ್ನ ಕಡೆ ಚಾಚಿದ ಬೆರಳನ್ನು ತಳ್ಳಿಹಾಕಲು ಅವಳ ಬಳಿ ಒಂದು ಮಾತೂ ಇರಲಿಲ್ಲ. ಹಿಂದಿನ ಕೋಣೆಯಿಂದ ರಟ್ಟು ಮಡಚುವ ಸದ್ದು ಬರುತ್ತಿತ್ತು. ಅದು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಪುಟ್ಟಿಗೆ ಗೊತ್ತಾಯಿತು. ಕೊಟ್ಟ ನೀರನ್ನೂ ಕುಡಿಯದೆ ಎದ್ದುಬಂದಳು.

ಅಲ್ಲಿಂದ ಲೈಬ್ರರಿಗೆ. ಕುರ್ಚಿ ಎಳೆದು ಹತ್ತಿ ನಕ್ಷೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಲೈಬ್ರರಿಯಮ್ಮ ಓಡಿಬಂದರು. "ಏನಾಯ್ತು? ಮಕ್ಕಳು ದಿನಾ ಬಂದು ನೋಡ್ತಾರೆ." ಪುಟ್ಟಿ ಮುಂದಿನ ನಕ್ಷೆಗೆ ಕೈ ಹಾಕಿದಳು. ಹೇಳಿ ಹೇಳಿಯೇ ಈ ಗತಿ ಬಂದಿದೆ ಅನ್ನಿಸಿತ್ತು. ಸುರುಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಳ್ಳಿಯ ಹಾಗೆ ಗೋಡೆಯ ಬದಿಯಲ್ಲೇ ನಡೆದು ಮನೆ ಸೇರಿದಳು.

ಸಂಜೆ ಅಕ್ಕ ಬಂದಾಗ ಸುರುಳಿಗಳು ಮೇಜಿನ ಮೇಲಿದ್ದವು. ಅಕ್ಕ ಚೀಲ ಕೆಳಗಿಟ್ಟಳು.

"ಇವು ಇಲ್ಲಿಗ್ಯಾಕೆ ಬಂದವು?"

"ತೆಗೆದುಬಿಟ್ಟೆ ಅಕ್ಕ. ಎಲ್ಲಾನೂ. ಬೇಕಾದರೆ ಹರಿದು ಹಾಕ್ತೀನಿ."

"ಯಾರನ್ನು ಕೇಳಿ ತೆಗೆದೆ?"

ಪುಟ್ಟಿ ಒಂದು ಸುರುಳಿಯನ್ನು ಹತ್ತಿರ ಎಳೆದುಕೊಂಡಳು.

"ತೋರಿಸುವಾಗಲೂ ನನ್ನ ಕೇಳಲಿಲ್ಲ, ಈಗ ಮುಚ್ಚಿಡುವಾಗಲೂ ಕೇಳಲಿಲ್ಲ" ಎಂದಳು ಅಕ್ಕ. ದನಿ ಏರಿರಲಿಲ್ಲ. "ಅಮ್ಮನೂ ಹೀಗೇ. ನನ್ನ ಅಂಗಿ ಗಂಟು ಕಟ್ಟುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ. ಈ ಮೈ ನನ್ನದು ಅಂತ ನಿಮಗೆ ಯಾರಿಗೂ ಯಾಕೆ ಹೊಳೆಯಲ್ಲ ಪುಟ್ಟಿ?"

"ನಾನು ಪ್ರೀತಿಯಿಂದ ಹೇಳಿದ್ದು ಅಕ್ಕ..."

"ಪ್ರೀತಿಯಿಂದ ಹೇಳಿದೆ, ನಿಜ. ಚಪ್ಪಾಳೆಗೋಸ್ಕರ ಹೇಳಿದೆ, ಅದೂ ನಿಜ. ಬೆರಳು ಮಾಡಿ ತೋರಿಸಿದೆಯಲ್ಲ, ಆಗ ನಾನು ಎಲ್ಲಿ ನೋಡಬೇಕು ಅಂತಲೇ ನನಗೆ ಗೊತ್ತಾಗಲಿಲ್ಲ. ಇವತ್ತು ಬೇಕರಿಗೆ ಬೇರೆ ಬಂದೆ. ಅಲ್ಲಿಯ ಯಜಮಾನನ ಹತ್ತಿರ ಏನು ಮಾತಾಡಬೇಕು ಅಂತ ನನಗೆ ಗೊತ್ತಿಲ್ವಾ?"

ಪುಟ್ಟಿ ಕೂತಲ್ಲೇ ಕುಗ್ಗಿಹೋದಳು. ತಪ್ಪಾಯಿತು ಎಂದಳು. ಹೇಳಿದ ಮೇಲೆ ಆ ಮಾತು ಎಷ್ಟು ಪುಟ್ಟದು ಅನ್ನಿಸಿತು. ಗೋಂದಮ್ಮ ಹೇಳಿದ್ದನ್ನೂ, ಇಷ್ಟು ವರ್ಷ ಪ್ರೆಸ್ಸಿನಲ್ಲಿ ಅಕ್ಕನ ಸುದ್ದಿ ಎತ್ತದೆ ಇದ್ದುದನ್ನೂ ಮುಖ ಎತ್ತದೆ ಹೇಳಿಕೊಂಡಳು. ಅಕ್ಕ ಎಲ್ಲ ಕೇಳಿ, "ಅದು ನನಗೆ ಗೊತ್ತಿತ್ತು" ಎಂದು ಒಲೆ ಹಚ್ಚಲು ಹೋದಳು. ಗೊತ್ತಿತ್ತು ಎನ್ನುವ ಆ ಒಂದು ಮಾತಿಗೆ ಪುಟ್ಟಿಗೆ ಅಂದು ಅನ್ನ ಇಳಿಯಲಿಲ್ಲ.

ಆಮೇಲೆ ನಡೆದದ್ದು ಯಾರೂ ಎಣಿಸಿರದಂಥದ್ದು. ಡಬ್ಬಿ ಮಡಚಿ ಮಡಚಿ ಬೇಸತ್ತ ಅಕ್ಕ ಪಕ್ಕದ ಭಟ್ಟಿಯ ಕೋಣೆಗೆ ಇಣುಕತೊಡಗಿದಳು. ಅಲ್ಲಿ ಹಿಟ್ಟು ನಾದಿ ಬ್ರೆಡ್ ಬೇಯಿಸುವ ಮುದುಕನೊಬ್ಬನಿದ್ದ, ಭಟ್ಟಿಯಜ್ಜ ಎಂದು ಕರೆಯುತ್ತಿದ್ದರು. ಒಂದು ದಿನ ಅವನ ಜೊತೆಯವನು ಬಾರದಿದ್ದಾಗ ಅಕ್ಕನನ್ನು ಕೈಜೋಡಿಸಲು ಕರೆದ. ಆ ಬಿಸಿಗೆ ಉದ್ದ ತೋಳು ಹಾಕಿಕೊಂಡು ನಿಲ್ಲಲು ಸಾಧ್ಯವೇ ಇರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಹಿಂಜರಿದು, ಕೊನೆಗೆ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡಳು. ಭಟ್ಟಿಯಜ್ಜ ಒಮ್ಮೆ ನೋಡಿದ. "ಕೈ ತೊಳೆದೆಯಾ?" ಎಂದು ಕೇಳಿದ. ತೊಳೆದಿದ್ದೇನೆ ಎಂದಳು. ಹಿಟ್ಟು ಅವಳ ಕಡೆ ತಳ್ಳಿದ. ಅಲ್ಲಿ ಎಲ್ಲರ ಕೈಯೂ ಮೊಣಕೈವರೆಗೆ ಬಿಳಿಯೇ.

ಇದನ್ನೆಲ್ಲ ಅಕ್ಕ ತಿಂಗಳು ಕಳೆದ ಮೇಲೆ ಹೇಳಿದ್ದು, ಅದೂ ಹೀಗೇ ಮಾತಿನ ನಡುವೆ, ಬಟ್ಟೆ ಮಡಚುತ್ತ. ಕೌಂಟರಿಗೆ ವಾಪಸ್ ಬಾ ಎಂದು ಯಜಮಾನ ಕರೆದನಂತೆ, ಹೊಸ ಹುಡುಗಿ ಯಾರ ಹೆಸರನ್ನೂ ನೆನಪಿಡುವುದಿಲ್ಲವಂತೆ. ಇವಳು ಬರುವುದಿಲ್ಲ ಎಂದಳಂತೆ. "ನಿಂತು ನಿಂತು ನಗೋದಕ್ಕಿಂತ ನಾದೋದು ವಾಸಿ" ಎಂದು ಪುಟ್ಟಿಯ ಮುಖ ನೋಡದೆಯೇ ಹೇಳಿದಳು. ಬೀದಿಗೆ ಹೋಗುವಾಗ ಮಾತ್ರ ಅದೇ ಉದ್ದ ತೋಳು, ಅದೇ ಕಾಲರು. ಅದನ್ನು ಅವಳು ಬಿಡಲಿಲ್ಲ.

ವಿಷಯ ತಿಳಿದ ಲೈಬ್ರರಿಯಮ್ಮ ದಾರಿಯಲ್ಲಿ ಸಿಕ್ಕಿ ಪುಟ್ಟಿಯ ಕೈ ಹಿಡಿದುಕೊಂಡರು. "ನೋಡಿ, ಎಲ್ಲ ಒಳ್ಳೆಯದಕ್ಕೇ ಆಯಿತು. ನೀವು ಅಂದು ಹೇಳಿದ್ದಕ್ಕೇ ಅಲ್ಲವೇ ಅವರಿಗೆ ಆ ಕೆಲಸ ಸಿಕ್ಕಿದ್ದು?" ಪುಟ್ಟಿ ಕೈ ಬಿಡಿಸಿಕೊಂಡು, "ಹಾಗೆ ಹೇಳಬೇಡಿ. ಅದು ಅವಳೇ ಮಾಡಿಕೊಂಡದ್ದು. ನಾನು ಮಾಡಿದ್ದು ಬೇರೆ" ಎಂದಳು. ಲೈಬ್ರರಿಯಮ್ಮನಿಗೆ ಅರ್ಥವಾಗಲಿಲ್ಲ.

ನಕ್ಷೆಗಳ ವಿಷಯವನ್ನು ಅಕ್ಕನೇ ತೀರ್ಮಾನಿಸಿದಳು. ಒಂದು ರಜೆಯ ದಿನ ಸುರುಳಿ ಬಿಚ್ಚಿ ಎಲ್ಲ ಹರಡಿ, ಆಮೆ, ಮೀನು, ಎಲೆ ಮೂರನ್ನೂ ಪಕ್ಕಕ್ಕಿಟ್ಟಳು. "ಇವನ್ನು ಕೊಡು. ಮಕ್ಕಳು ನೋಡಲಿ." ಮೊಲ, ಕೊಕ್ಕರೆ, ಕಚಗುಳಿ ಕಣಿವೆಯನ್ನು ಸುತ್ತಿ ತನ್ನ ಪೆಟ್ಟಿಗೆಗೆ ಹಾಕಿ ಚಿಲಕ ಸಿಕ್ಕಿಸಿದಳು. ಪುಟ್ಟಿ ಎದುರಾಡಲಿಲ್ಲ. ಈಗ ಅವಳು ಒಡೆದ ಗಾರೆಯಿಂದ, ಮರದ ತೊಗಟೆಯಿಂದ, ರಸ್ತೆಯ ಗುಂಡಿಯಲ್ಲಿ ನಿಂತ ನೀರಿನಿಂದ ಆಕಾರ ಹುಡುಕುತ್ತಾಳೆ. ಹೆಗ್ಗಣದ ರಾಜ್ಯವೊಂದು ಪರವಾಗಿಲ್ಲ ಎನ್ನುವಂತೆ ಬಂದಿದೆ. ಯಾರಾದರೂ ಚೆನ್ನಾಗಿದೆ ಎಂದರೆ ಇಂದಿಗೂ ಅವಳ ಕಿವಿ ಬಿಸಿಯಾಗುತ್ತದೆ, ಮಾತು ಬದಲಿಸುತ್ತಾಳೆ.

ಅದಾದ ಮೇಲೆ ಒಂದು ಸಂಜೆ ಅಕ್ಕನನ್ನು ಕೇಳಿದಳು. "ಪ್ರೆಸ್ಸಿನವರನ್ನು ಭಾನುವಾರ ಚಹಾಕ್ಕೆ ಕರೀಲಾ? ನಿನಗೆ ಬೇಡ ಅಂದರೆ ಬೇಡ."

ಅಕ್ಕ ಗೂಡಿನಲ್ಲಿದ್ದ ಲೋಟಗಳ ಕಡೆ ನೋಡಿದಳು. "ಎಷ್ಟು ಜನ?"

"ಮೂವರು. ಗೋಂದಮ್ಮ ಮಾತು ಜಾಸ್ತಿ."

"ಬರಲಿ. ಲೋಟ ಸಾಲದು, ಕೆಳಗಿನವರ ಹತ್ತಿರ ಕೇಳಿಕೊಂಡು ಬಾ."

ಬಂದರು. ಇಬ್ಬರು ಮಂಚದ ಮೇಲೆ, ಒಬ್ಬರು ಕುರ್ಚಿಯಲ್ಲಿ, ಪುಟ್ಟಿ ಹೊಸ್ತಿಲಲ್ಲಿ. ಅಕ್ಕ ಗುಂಡಿ ಹಾಕಿದ ಉದ್ದ ತೋಳಿನಲ್ಲೇ ಚಹಾ ತಂದಳು. ಯಾರೂ ತೋಳಿನ ಕಡೆ ನೋಡಲಿಲ್ಲ, ನೋಡಲಿಲ್ಲ ಎಂದು ತೋರಿಸಿಕೊಳ್ಳಲೂ ಹೋಗಲಿಲ್ಲ. ಗೋಂದಮ್ಮ ಬ್ರೆಡ್ಡು ಯಾಕೆ ಮಾರನೇ ದಿನಕ್ಕೇ ಗಟ್ಟಿಯಾಗುತ್ತದೆ ಎಂದು ಶುರು ಮಾಡಿದವಳು ನಾದಿನಿಯ ಹಲ್ಲಿನವರೆಗೆ ಹೋದಳು. ಅಕ್ಕ ನಡುನಡುವೆ ಒಂದೊಂದು ಮಾತು ಸೇರಿಸಿ ಎಲ್ಲರನ್ನೂ ನಗಿಸಿದಳು. ಕೂರಲು ಜಾಗ ಸಾಕಾಯಿತು. ಅವರು ಹೋದ ಮೇಲೆ ಪುಟ್ಟಿ ಲೋಟಗಳನ್ನು ಬಚ್ಚಲಿಗೆ ಒಯ್ದು, ನಲ್ಲಿ ತಿರುಗಿಸಿ, ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಮಾಡದೆ ಹೋದೆನಲ್ಲ ಎಂದು ಬಹಳ ಹೊತ್ತು ಅಲ್ಲೇ ಬಗ್ಗಿ ಕೂತಿದ್ದಳು.

"ನೀರು ಸುಮ್ಮನೆ ಹೋಗ್ತಿದೆ ನೋಡು" ಎಂದಳು ಅಕ್ಕ ಒಳಗಿನಿಂದ.